ಖಾರಕ್ಕೆ ಮುಂಚೆ ತೆಗೆದಿಟ್ಟ ಬಟ್ಟಲು

ದುಬೈಗೆ ಹೋದವರು ಚಿನ್ನ ತರುತ್ತಾರೆ, ಸೌದಿಗೆ ಹೋದವರು ಖರ್ಜೂರ, ಕಂಬಳಿ ತರುತ್ತಾರೆ. ನನ್ನ ಗಂಡ ಗುಲಾಮ್ ರಸೂಲ್ ಮಲೇಷ್ಯಾದಿಂದ ತಂದದ್ದು ಒಂದು ಕೋಳಿ ಅಡುಗೆ. ಅಲ್ಲಿ ಕ್ಲಾಂಗ್ ಎಂಬ ಊರಿನ ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ಮಗಳು ರುಮಾನಾಗೆ ಹಾಲುಹಲ್ಲು ಇದ್ದಾಗ ಹೋದವರು, ಅವಳು ಹತ್ತನೇ ತರಗತಿಗೆ ಬಂದಾಗ ತಿರುಗಿ ಬಂದರು. ನಡುವೆ ಯಾವಾಗಲೋ ಒಮ್ಮೆ ನೆಂಟರ ಹಾಗೆ ಬಂದು, ತಿಂಗಳು ಇದ್ದು ಹೋಗುತ್ತಿದ್ದರು. ಪೂರ್ತಿ ಬಂದುಬಿಟ್ಟ ವರ್ಷದ ರಂಜಾನಿನಲ್ಲಿ, ಸೂಟ್‌ಕೇಸಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲದ ಆ ಮನುಷ್ಯ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ನಿನಗೊಂದು ಅಡುಗೆ ಕಲಿಸಿಕೊಡುತ್ತೇನೆ, ಸ್ವಲ್ಪ ಜಾಗ ಬಿಡು ಎಂದರು. ಅಷ್ಟು ವರ್ಷ ಗಂಡನಿಲ್ಲದೆ ಸಂಸಾರ ಮಾಡಿದವಳಿಗೆ ಆ ಮಾತೇ ಒಂದು ಒಡವೆ.

ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಶಂಶಾದ್. ಸರ್ಕಾರಿ ಶಾಲೆಗಳಲ್ಲಿ ಕನ್ನಡ ಕಲಿಸಿ, ಹೆಸರಘಟ್ಟದ ಕಡೆಯ ಒಂದು ಶಾಲೆಯಲ್ಲಿ ನಿವೃತ್ತಳಾದೆ. ನಮ್ಮ ಮನೆಮಾತು ಉರ್ದು. ಅದೂ ಬೆಂಗಳೂರಿನ ಉರ್ದು, ಲಖನೌದವರು ಕೇಳಿದರೆ ಕಿವಿ ಮುಚ್ಚಿಕೊಂಡಾರು. ಬರೆಯಲು ಕೂತರೆ ಮಾತ್ರ ನನಗೆ ಬರುವುದು ಕನ್ನಡವೇ. ಹೋಂವರ್ಕನ್ನು ಹಸು ತಿಂದಿತು ಎನ್ನುವ ಹುಡುಗನ ಕಣ್ಣು ನೋಡಿದರೆ ಸಾಕು, ಹಸು ಯಾವ ಬಣ್ಣದ್ದು ಎಂದು ಕೇಳಿ ಸಿಕ್ಕಿಹಾಕಿಸುತ್ತಿದ್ದೆ. ಊರ ಮಕ್ಕಳ ಸುಳ್ಳನ್ನೆಲ್ಲ ಹಿಡಿದವಳು, ನನ್ನ ಒಲೆಯ ಮೇಲೆ ವರ್ಷ ವರ್ಷ ಬೇಯುತ್ತಿದ್ದ ಸುಳ್ಳನ್ನು ಸೌಟು ಹಾಕಿ ನಾನೇ ತಿರುವಿದೆ.

ಆಯಾಮ್ ಮಸಾಕ್ ಮೆರಾ ಎಂದು ಆ ಅಡುಗೆಯ ಹೆಸರು. ಕೆಂಪಗೆ ಬೇಯಿಸಿದ ಕೋಳಿ ಎಂದಷ್ಟೇ ಅರ್ಥವಂತೆ. ಕೋಳಿಗೆ ಅರಿಸಿನ ಉಪ್ಪು ಸವರಿ ಎಣ್ಣೆಯಲ್ಲಿ ಅರ್ಧ ಕರಿದಿಡಬೇಕು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಎರಡೂ ಮೆಣಸಿನಕಾಯಿಯನ್ನು ನೆನೆಸಿ, ಈರುಳ್ಳಿ ಬೆಳ್ಳುಳ್ಳಿ ಶುಂಠಿಯ ಜೊತೆ ನುಣ್ಣಗೆ ರುಬ್ಬಬೇಕು. ಚಕ್ಕೆ ಲವಂಗ ಸಿಡಿದ ಎಣ್ಣೆಯಲ್ಲಿ ಆ ಅರೆದದ್ದನ್ನು ಎಣ್ಣೆ ಬಿಡುವ ತನಕ ಸಣ್ಣ ಉರಿಯಲ್ಲಿ ಬಾಡಿಸಬೇಕು. ಆಮೇಲೆ ಟೊಮೆಟೊ, ಸ್ವಲ್ಪ ಸಕ್ಕರೆ, ಒಂದು ಕಟ್ಟು ಮಜ್ಜಿಗೆ ಹುಲ್ಲು. ಆ ಹುಲ್ಲಿಗೆ ನಾನು ಪೇಟೆಗೆ ಹೋಗಬೇಕಿರಲಿಲ್ಲ. ಪಕ್ಕದ ಮನೆಯ ಮುನಿವೆಂಕಟಮ್ಮ ಒಡೆದ ಪೇಂಟ್ ಬಕೆಟ್ಟಿನಲ್ಲಿ ಬೆಳೆಸಿದ್ದಳು.

ಇಷ್ಟಾದರೆ ಯಾರಾದರೂ ಮಾಡಬಹುದಾದ ಅಡುಗೆ. ಅದರಲ್ಲಿ ಒಂದು ವಿಶೇಷ ಕ್ರಮವಿತ್ತು. ರುಬ್ಬಿದ ಖಾರವನ್ನು ಎರಡು ಪಾಲು ಮಾಡಬೇಕು. ಮೊದಲಿಗೆ ಸಣ್ಣ ಪಾಲು ಹಾಕಿ ಕೋಳಿ ಬೇಯಿಸಬೇಕು. ಬೆಂದ ಮೇಲೆ ಎದೆಯ ಒಂದೆರಡು ಚೂರು ತೆಗೆದು, ಚರ್ಮ ಸುಲಿದು, ಮೂಳೆ ಬಿಡಿಸಿ, ಎಳೆ ಎಳೆಯಾಗಿ ಹರಿದು, ಒಂದು ಪುಟ್ಟ ಬಟ್ಟಲಿಗೆ ಹಾಕಿ, ಮೇಲೆ ಇನ್ನೊಂದು ಚಿಟಿಕೆ ಸಕ್ಕರೆ ಉದುರಿಸಿ ಪಕ್ಕಕ್ಕಿಡಬೇಕು. ಆಮೇಲೆ ಮಿಕ್ಕ ಖಾರವನ್ನೆಲ್ಲ ಬೇರೆ ಎಣ್ಣೆಯಲ್ಲಿ ಹುರಿದು ಪಾತ್ರೆಗೆ ಸುರಿಯಬೇಕು. ಇದು ಯಾಕೆ ಎಂದು ಮೊದಲ ವರ್ಷ ಕೇಳಿದ್ದೆ. ಹೋಟೆಲಿನ ಯಜಮಾನರಿಗೆ ಹೊಟ್ಟೆಯಲ್ಲಿ ಹುಣ್ಣು, ಅವರ ಪಾಲು ಮೊದಲು ತೆಗೆದಿಡುವುದು ವಾಡಿಕೆ, ಅದನ್ನು ಬಿಟ್ಟರೆ ಅಡುಗೆಯ ಬರಕತ್ ಹೋಗುತ್ತದೆ ಎಂದಿದ್ದರು. ಬರಕತ್ ಎಂದ ಮೇಲೆ ನಾನು ಯಾಕೆ ಪ್ರಶ್ನೆ ಕೇಳಲಿ?

ಬಟ್ಟಲು ನನ್ನ ಗಂಡನ ತಟ್ಟೆಯ ಪಕ್ಕದಲ್ಲೇ ಇರಬೇಕು. ಊಟವೆಲ್ಲ ಮುಗಿದ ಮೇಲೆ ಕಡೆಯ ತುತ್ತು ಅದರದ್ದು. ಎಳೆಗಳನ್ನು ಬೆರಳಲ್ಲಿ ಹಿಸುಕಿ, ಮೂಳೆ ಚೂರು ಉಳಿದಿದೆಯೇ ಎಂದು ನೋಡಿ, ನಿಧಾನವಾಗಿ ತಿನ್ನುವರು. ಖಾರ ತಿಂದು ಉರಿಯುವ ಬಾಯಿಗೆ ಸಿಹಿ ಬೇಕೇನೋ ಎಂದುಕೊಂಡು, ಕೆಲವು ಸಲ ನಾನೇ ಎರಡು ಚಿಟಿಕೆ ಸಕ್ಕರೆ ಹೆಚ್ಚು ಹಾಕಿದ್ದುಂಟು.

ನಾವು ಮಕ್ಕಳಿಗೆ ಹಾಗೆ ಬೇರೆ ಬಟ್ಟಲು ತೆಗೆಯುವವರಲ್ಲ. ನಮ್ಮ ಮನೆಯಲ್ಲಾಗಲಿ, ಮುನಿವೆಂಕಟಮ್ಮನ ಮನೆಯಲ್ಲಾಗಲಿ, ಖಾರ ತಿನ್ನಲಾರದ ಮಗುವಿಗೆ ದೊಡ್ಡವರ ಸಾರಿನಿಂದಲೇ ಒಂದು ಚೂರು ಎತ್ತಿ, ಲೋಟದ ನೀರಿನಲ್ಲಿ ತೊಳೆದು ಕೈಗೆ ಕೊಡುತ್ತೇವೆ. ರುಮಾನಾ ಹಾಗೇ ಬೆಳೆದಳು. ತೊಳೆದು ಬೆಳ್ಳಗಾದ ಚೂರನ್ನು ಬಾಯಿಗಿಟ್ಟುಕೊಂಡು, ಇದರಲ್ಲಿ ಏನೂ ಇಲ್ಲ ಅಮ್ಮಿ ಎಂದು ಮೂತಿ ಉದ್ದ ಮಾಡುತ್ತಿದ್ದಳು. ಹಾಗಾಗಿ ಆ ಬಟ್ಟಲಿನ ಮರ್ಮ ನನಗೆ ಹೊಳೆಯಲೇ ಇಲ್ಲ.

ಉಪವಾಸವಿದ್ದವಳು ಅಡುಗೆಯ ರುಚಿ ನೋಡುವುದು ಹೇಗೆ? ನಾಲಿಗೆಯ ತುದಿಗೆ ತಾಗಿಸಿ ಉಗಿಯಬಹುದು ಎನ್ನುವವರಿದ್ದಾರೆ. ನನಗೆ ಮನಸ್ಸು ಒಪ್ಪದು. ಆ ಕೆಲಸ ಮುನಿವೆಂಕಟಮ್ಮನದು. ನಮ್ಮ ಹೆಬ್ಬಾಳ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇದ್ದ ಮನೆತನ ಅವಳದು. ಅವರ ರಾಗಿ ಹೊಲದಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ, ಆದರೂ ಅವಳು ಸಂಜೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಅಡುಗೆಮನೆಗೆ ಬಂದು ಅಂಗೈ ಒಡ್ಡುವಳು. ಅಂಗೈಗೆ ಬಿದ್ದದ್ದನ್ನು ನೆಕ್ಕಿ, "ಉಪ್ಪು ಒಸಿ ಆಕು ಟೀಚರಮ್ಮ, ಕಾರ ಸರಿಯಾಗೇ ಅದೆ" ಎಂದು ತೀರ್ಪು ಕೊಟ್ಟು ಹೋಗುವಳು. ಸೋಮವಾರ, ಶನಿವಾರ ಮಾತ್ರ ಅವಳು ಮಾಂಸ ಮುಟ್ಟುವವಳಲ್ಲ. ಆ ದಿನ ನಾನು ಕೋಳಿ ಬೇಯಿಸುವುದೂ ಇಲ್ಲ.

ಈ ರಂಜಾನಿನಲ್ಲಿ ಆ ಕಟ್ಟಳೆ ತಪ್ಪಿತು. ರುಮಾನಾ ಸೋಲದೇವನಹಳ್ಳಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವಳ ವಿದ್ಯಾರ್ಥಿನಿಯರಲ್ಲಿ ಅಫೀಕಾ ಎಂಬ ಮಲೇಷ್ಯಾದ ಹುಡುಗಿ ಇದ್ದಳು. ಹಾಸ್ಟೆಲಿನ ಸಾರು ಅನ್ನ ತಿಂದು ಸೊರಗಿದ್ದಾಳೆ, ನಿನ್ನ ಕೆಂಪು ಕೋಳಿಯ ಸುದ್ದಿ ಕೇಳಿ ಕಣ್ಣು ತುಂಬಿಕೊಂಡಳು, ಶನಿವಾರ ಇಫ್ತಾರಿಗೆ ಕರೆತರುತ್ತೇನೆ ಎಂದಳು ಮಗಳು. ನನಗೆ ಹಿಗ್ಗೋ ಹಿಗ್ಗು. ಯಾರ ಊರಿನ ಅಡುಗೆಯೋ ಅವರಿಗೇ ಬಡಿಸಿ ಮೆಚ್ಚುಗೆ ಪಡೆಯುವುದೆಂದರೆ ಸಣ್ಣ ಮಾತೇ?

ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ಯಾವ ಊರಿನವಳು ಎಂದು ಕೇಳಿದರು. ಕ್ಲಾಂಗ್ ಅಲ್ಲ, ಬೇರೆ ಏನೋ ಎಂದೆ. ಪೇಪರು ಮಡಿಸಿ, ಶನಿವಾರ ಮಸೀದಿಯಲ್ಲಿ ಇಫ್ತಾರ್ ಕೆಲಸ ನನ್ನ ಮೇಲೆ ಹಾಕಿದ್ದಾರೆ, ನಾನು ಅಲ್ಲೇ ಉಪವಾಸ ಬಿಡುತ್ತೇನೆ, ನೀವು ಹೆಂಗಸರು ಆರಾಮವಾಗಿ ಕೂತುಕೊಳ್ಳಿ ಎಂದರು. ಮಲಯ್ ಭಾಷೆ ಮಾತಾಡಲು ಒಬ್ಬರು ಸಿಕ್ಕರೆ ಕುಣಿದಾರು ಎಂದುಕೊಂಡಿದ್ದ ನನಗೆ ಸ್ವಲ್ಪ ಬೇಸರವಾಯಿತು, ಅಷ್ಟೇ. ಅನುಮಾನ ಬರಲಿಲ್ಲ.

ಅಫೀಕಾ ಬಿಸಿಲಿರುವಾಗಲೇ ಬಂದಳು. ದುಂಡು ಮುಖ, ತಿಳಿ ನೀಲಿ ಸ್ಕಾರ್ಫು. ನನ್ನನ್ನು ಮಕ್‌ಚಿಕ್ ಎಂದು ಕರೆದಳು. ಅವರ ಕಡೆ ಚಿಕ್ಕಮ್ಮ ಎಂದಂತೆ. ನನಗೆ ಬರುವ ಇಂಗ್ಲಿಷು ಅವಳಿಗೆ ಸಾಲದು, ಅವಳ ಕನ್ನಡ "ಊಟ ಆಯ್ತಾ" ದಾಟದು. ರುಮಾನಾ ನಡುವೆ ನಿಂತು ಅವಳ ಮಾತನ್ನು ನನಗೂ ನನ್ನ ಮಾತನ್ನು ಅವಳಿಗೂ ಹೇಳುತ್ತಿದ್ದಳು. ಆ ಹುಡುಗಿಗೆ ಅವತ್ತು ತಿಂಗಳಿನ ದಿನವಾದ್ದರಿಂದ ಉಪವಾಸವಿರಲಿಲ್ಲ. ಮುನಿವೆಂಕಟಮ್ಮ ಇಲ್ಲದ ಶನಿವಾರ, ಮನೆಯ ಉಳಿದವರೆಲ್ಲ ಉಪವಾಸ. ಹಾಗಾದರೆ ಇವತ್ತು ಉಪ್ಪು ನೀನೇ ನೋಡು ಎಂದು ಒಲೆಯ ಹತ್ತಿರ ಸ್ಟೂಲು ಹಾಕಿ ಕೂರಿಸಿದೆ.

ಅವಳು ರುಬ್ಬಿದ ಖಾರದ ವಾಸನೆಗೇ ಕಣ್ಣು ಮುಚ್ಚಿದಳು. ಮಜ್ಜಿಗೆ ಹುಲ್ಲು ಜಜ್ಜಿ ಹಾಕಿದಾಗ ಕೈ ತಟ್ಟಿದಳು. ನಾನೂ ಉಬ್ಬಿಹೋಗಿ, ನಮ್ಮ ಮನೆಯವರು ಅಲ್ಲಿಯ ಹೋಟೆಲಿನಲ್ಲಿ ಇದ್ದವರು, ಎಲ್ಲ ಅವರು ಹೇಳಿಕೊಟ್ಟದ್ದು ಎಂದು ಮಗಳ ಕೈಲಿ ಹೇಳಿಸಿದೆ. ಕೋಳಿ ಬೆಂದಿತು. ಎಂದಿನಂತೆ ಎದೆಯ ಚೂರು ತೆಗೆದು, ಚರ್ಮ ಸುಲಿದು, ಮೂಳೆ ಬಿಡಿಸಿ ಬಟ್ಟಲಿಗೆ ಹರಿಯತೊಡಗಿದೆ. ಸಕ್ಕರೆ ಉದುರಿಸಿದೆ. ಅಫೀಕಾ ನಗುತ್ತ ಏನೋ ಕೇಳಿದಳು.

"ಮನೇಲಿ ಚಿಕ್ಕ ಮಗು ಯಾವ್ದಿದೆ ಅಂತ ಕೇಳ್ತಿದಾಳೆ ಅಮ್ಮಿ" ಎಂದಳು ರುಮಾನಾ.

ಮಗು ಯಾವುದೂ ಇಲ್ಲ, ಇದು ಹೋಟೆಲಿನ ಕ್ರಮ, ಯಜಮಾನರ ಪಾಲು ಎಂದೆ. ಮಗಳು ಅದನ್ನು ಹೇಳಿದಳು. ಹುಡುಗಿ ಇನ್ನೂ ಜೋರಾಗಿ ನಕ್ಕಳು. ಅವರಪ್ಪನದೂ ಊಟದ ಅಂಗಡಿಯಂತೆ. ಅಂಗಡಿಯಲ್ಲಿ ಬೆಳಗ್ಗೆ ಎದ್ದು ದೊಡ್ಡ ಬಾಣಲೆಯಲ್ಲಿ ಒಂದೇ ಸಲಕ್ಕೆ ಮಾಡಿ ಸುರಿಯುತ್ತಾರೆ, ಎರಡು ಸಲ ಖಾರ ಹಾಕುವ ಪುರುಸೊತ್ತು ಯಾರಿಗಿದೆ ಎಂದಳು. ಆಮೇಲೆ ಎರಡು ಬೆರಳಿನಿಂದ ಎಳೆ ಹಿಸುಕುವಂತೆ ತೋರಿಸುತ್ತ ಇನ್ನಷ್ಟು ಹೇಳಿದಳು. ರುಮಾನಾ ಅದನ್ನು ಹೇಳಲು ಬಾಯಿ ತೆರೆದವಳು ನಿಂತಳು. ಏನಂತೆ ಎಂದೆ.

"ಇದು ಅಮ್ಮಂದಿರು ಮಾಡೋದಂತೆ. ಅವಳ ತಮ್ಮ ಅಂಬೆಗಾಲಿಡ್ತಿದ್ದಾಗ ಅವಳಮ್ಮ ಹಿಂಗೇ ಮಾಡ್ತಿದ್ರಂತೆ. ಮೂಳೆ ಬಿಡ್ಸಿ, ಸಕ್ಕರೆ ಹಾಕಿ. ಮಗು ಬಿಟ್ಟಿದ್ದನ್ನ ಕೊನೇಲಿ ಅವಳಪ್ಪ ತಿಂತಿದ್ರಂತೆ."

ಅಮ್ಮ ಮಗಳು ಮುಖ ಮುಖ ನೋಡಿಕೊಂಡೆವು. ಆ ಒಂದು ನೋಟದಲ್ಲಿ ನನಗೆ ಹೊಳೆದದ್ದು ಅವಳಿಗೂ ಹೊಳೆದಿದೆ ಎಂದು ತಿಳಿಯಿತು. ಬೆರಳಿನಲ್ಲಿ ಹಿಸುಕಿ ಮೂಳೆ ಹುಡುಕುವುದು. ಕಡೆಯ ತುತ್ತು. ಮಲೇಷ್ಯಾದ ಹುಡುಗಿ ಬರುತ್ತಾಳೆಂದರೆ ಮಸೀದಿಯಲ್ಲಿ ಕೆಲಸ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಬೆಕ್ಕು ಕಣ್ಣು ಬಿಟ್ಟುಕೊಂಡೇ ಕುಡಿದಿತ್ತು, ಕಣ್ಣು ಮುಚ್ಚಿದ್ದವಳು ನಾನು.

ನನ್ನ ಕೋಪದ ಬಗ್ಗೆ ಶಾಲೆಯಲ್ಲಿ ಹೆಡ್‌ಮಾಸ್ಟರಿಗೂ ಭಯವಿತ್ತು. ಆದರೆ ರೋಜಾ ಇಟ್ಟವರು ಜಗಳವಾಡುವಂತಿಲ್ಲ. ಯಾರಾದರೂ ಕೆಣಕಿದರೆ, ನಾನು ಉಪವಾಸವಿದ್ದೇನೆ ಎಂದು ಹೇಳಿ ಸುಮ್ಮನಾಗಬೇಕು. ನಾನು ಉಪವಾಸವಿದ್ದೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಮಿಕ್ಕ ಖಾರವನ್ನು ಹುರಿದು ಸುರಿದೆ. ನಾನು ಉಪವಾಸವಿದ್ದೇನೆ ಎಂದುಕೊಂಡು ಅನ್ನ ಬಸಿದೆ. ಅಫೀಕಾ ಉಪ್ಪು ನೋಡಿ, ಅಮ್ಮನ ಕೈರುಚಿಯೇ ಇದೆ ಎಂದು ನನ್ನ ಕೈ ಹಿಡಿದುಕೊಂಡಳು. ಪಾಪ, ಆ ಮಗುವಿನದೇನು ತಪ್ಪು? ತಲೆ ಸವರಿ, ಇನ್ನೂ ಎರಡು ಚೂರು ಹಾಸ್ಟೆಲಿಗೆ ಕಟ್ಟಿಕೊಡುತ್ತೇನೆ ಎಂದೆ.

ಆಜಾನ್ ಆಯಿತು. ಖರ್ಜೂರ ಬಾಯಿಗಿಟ್ಟು ನೀರು ಕುಡಿದೆ. ಹುಡುಗಿ ಬೆರಳು ಚೀಪುತ್ತ ಉಂಡಳು. ಅವಳನ್ನು ಆಟೋ ಹತ್ತಿಸಿ ಬಂದ ರುಮಾನಾ ನನ್ನ ಪಕ್ಕದಲ್ಲಿ ಕೂತಳು. ಅಬ್ಬಾನನ್ನ ನಾನು ಕೇಳಲಾ ಎಂದಳು. ಬೇಡ, ಅದು ನನ್ನ ಪ್ರಶ್ನೆ ಎಂದೆ.

ಅವರು ನಮಾಜು ಮುಗಿಸಿ, ಟೋಪಿ ಮಡಿಸಿ ಜೇಬಿಗಿಟ್ಟುಕೊಂಡು, ಸಮೋಸಾದ ಪೊಟ್ಟಣ ಹಿಡಿದು ಬಂದರು. ಬಾಗಿಲಲ್ಲೇ ಕೇಳಿದ್ದು, ಹುಡುಗಿ ಹೋದಳಾ ಎಂದು. ಹೋದಳು ಎಂದೆ. ಮುಖ ಸಡಿಲವಾಯಿತು. ಮಸೀದಿಯಲ್ಲಿ ಖರ್ಜೂರ ಬಿಟ್ಟರೆ ಏನೂ ತಿನ್ನಲಿಲ್ಲ, ಬಡಿಸು ಎಂದು, ಊಟಕ್ಕೆ ನೆಲದ ಮೇಲೆ ಹಾಸಿದ ದಸ್ತರ್‌ಖಾನಿನ ಮುಂದೆ ಕೂತರು. ಅನ್ನ ಬಡಿಸಿದೆ, ಕೆಂಪು ಕೋಳಿ ಬಡಿಸಿದೆ, ಪಕ್ಕದಲ್ಲಿ ಬಟ್ಟಲು ಇಟ್ಟೆ. ನಾನು ಎದುರಿಗೆ ಕೂತೆ. ರುಮಾನಾ ಗೋಡೆಗೆ ಒರಗಿ ನಿಂತಳು.

"ನಿಮ್ಮ ಹೋಟೆಲ್ ಯಜಮಾನ್ರಿಗೆ ಹಲ್ಲು ಎಷ್ಟಿತ್ತು?" ಎಂದೆ.

ತುತ್ತು ಎತ್ತಿದ ಕೈ ಅಲ್ಲೇ ನಿಂತಿತು. ಏನು ಎಂದರು.

"ಮೇಲೆರಡು ಕೆಳಗೆರಡು ಇತ್ತಾ? ಇಲ್ಲ, ಇನ್ನೂ ಬರ್ತಾ ಇತ್ತಾ?"

ಅವರು ರುಮಾನಾಳನ್ನು ನೋಡಿದರು, ಬಟ್ಟಲನ್ನು ನೋಡಿದರು. ಆ ಹುಡುಗಿ ಏನಂದಳು ಎಂದು ಕೇಳಿದರು. ಅವಳು ಏನಂದಳೋ ಬಿಡಿ, ಮಗುವಿನ ಹೆಸರು ಹೇಳಿ ಎಂದೆ. ಇಲ್ಲ ಎನ್ನಲಿ ಎಂದು ನನ್ನ ಒಳಗಿನ ಯಾರೋ ಒಬ್ಬಳು ಇನ್ನೂ ಕಾಯುತ್ತಿದ್ದಳು. ಹುಚ್ಚು ನಿನಗೆ ಎಂದು ಬೈಯಲಿ, ತಟ್ಟೆ ತಳ್ಳಿ ಎದ್ದು ಹೋಗಲಿ, ನಾನು ತೋಬಾ ಮಾಡಿ ಕ್ಷಮೆ ಕೇಳುತ್ತೇನೆ ಎಂದು.

"ಮೈಸಾರಾ" ಎಂದರು.

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಹೋಟೆಲಿನ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಗಸು. ರಂಜಾನಿನಲ್ಲಿ ಅವಳ ಮನೆಯಿಂದ ಇಫ್ತಾರಿಗೆ ಊಟ ಬರುತ್ತಿತ್ತಂತೆ. ಈ ಅಡುಗೆ ಹೋಟೆಲಿನದಲ್ಲ, ಅವಳದೇ. ನನಗೆ ಕಲಿಸಿದ ಒಂದೊಂದು ಹಂತವೂ ಅವಳ ಒಲೆಯ ಮುಂದೆ ನಿಂತು ನೋಡಿಕೊಂಡದ್ದು. ನಾನು ಹರಾಮಿನ ಕೆಲಸ ಮಾಡಲಿಲ್ಲ ಎಂದು ತಲೆ ಎತ್ತಿದರು.

"ನಿಕಾಹ್ ಆಗಿತ್ತು ಶಂಶಾದ್."

"ನಂಗೂ ಆಗಿತ್ತಲ್ಲ" ಎಂದೆ.

ಮತ್ತೆ ತಲೆ ಬಗ್ಗಿತು. ಅಲ್ಲಿಯ ತಾಯಿ ಮಗುವಿಗೆ ಏನೆಂದು ಹೇಳಿ ಬಂದಿರಿ ಎಂದು ಕೇಳಿದೆ. ಊರಲ್ಲಿ ತಮ್ಮನ ಮದುವೆ, ಮುಗಿಸಿ ಬರುತ್ತೇನೆ ಎಂದು ಹೇಳಿ ಬಂದರಂತೆ. ಇವರಿಗೆ ತಮ್ಮನೇ ಇಲ್ಲ. ಇಲ್ಲಿಗೆ ಬಂದ ಮೇಲೆ ಸಿಮ್ ಬದಲಾಯಿಸಿದರಂತೆ. ಮಗು ಬಾಗಿಲಿಗೆ ಬಂದು, ಬರುವಾಗ ಏನು ತರುತ್ತೀಯ ಎಂದು ಕೇಳಿತ್ತಂತೆ. ನನಗೆ ಮೋಸ ಮಾಡಿದ್ದಕ್ಕೆ ಬಂದ ಕೋಪ ಇನ್ನೂ ಬಾಯಲ್ಲೇ ಇತ್ತು, ಅಷ್ಟರಲ್ಲಿ ಮುಖ ಕಾಣದ ಆ ಹೆಂಗಸಿನ ಪರವಾಗಿಯೂ ಕೋಪ ಬಂತು. ಇವರು ನನ್ನ ಹತ್ತಿರ ತಿರುಗಿ ಬಂದರು ಎಂದು ನಾನು ಹೆಮ್ಮೆಪಟ್ಟ ದಿನ, ಅಲ್ಲೊಬ್ಬಳು ಬಟ್ಟಲು ತೆಗೆದಿಟ್ಟುಕೊಂಡು ಕಾಯುತ್ತಿದ್ದಳು.

"ಈಗ ಖಾರ ತಿನ್ನೋದು ಕಲ್ತಿರ್ತಾಳೆ" ಎಂದರು ಅವರು, ಬಟ್ಟಲು ನೋಡುತ್ತ, ತಮಗೇ ಹೇಳಿಕೊಂಡಂತೆ. "ಮರ್ತೋಗ್ಬಾರ್ದು ಅಂತ ಇದನ್ನ ಇಟ್ಕೊಂಡಿದ್ದೆ."

ಅಲ್ಲಿ ನನ್ನ ತಾಳ್ಮೆ ಹರಿಯಿತು. ನೀವು ನೆನಪಿಟ್ಟುಕೊಳ್ಳುವುದಕ್ಕೆ ನನ್ನ ಕೈಯೇ ಬೇಕಿತ್ತೇ ಎಂದು ಕೇಳಿದೆ. ಒಣಗಿದ ಬಾಯಲ್ಲಿ, ಒಲೆಯ ಮುಂದೆ ನಿಂತು, ಇನ್ನೊಬ್ಬಳ ಮಗುವಿಗೆ ನಾನು ವರ್ಷ ವರ್ಷ ಮೂಳೆ ಬಿಡಿಸಿದೆ. ಸಕ್ಕರೆ ಹೆಚ್ಚಾಗಿಯೇ ಹಾಕಿದೆ. ಮೊದಲೇ ಹೇಳಿದ್ದರೆ ಜಗಳ ಮಾಡುತ್ತಿದ್ದೆ, ಈ ಬಟ್ಟಲನ್ನು ಬೀದಿಗೆ ಎಸೆಯುತ್ತಿದ್ದೆ, ತವರಿಗೆ ಹೋಗಿ ಕೂರುತ್ತಿದ್ದೆ. ಆಮೇಲೆ ಒಂದು ದಿನ, ಆ ಮಗುವನ್ನು ಇಲ್ಲಿಗೆ ಕರೆಸಿ, ಉಣ್ಣಿಸುತ್ತೇನೆ ಎಂದೂ ಹೇಳುತ್ತಿದ್ದೆನೋ ಏನೋ. ನಾನು ಎಂಥವಳು ಎಂದು ನನಗೇ ತಿಳಿಯದ ಹಾಗೆ ಮಾಡಿಬಿಟ್ಟಿರಿ ಎಂದೆ. ಅಷ್ಟು ಹೇಳುವಾಗ ಅಳು ಬಂತು. ಅವರ ಮುಂದೆ ಅಳಬಾರದು ಎಂದುಕೊಂಡಿದ್ದೆ, ಆಗಲಿಲ್ಲ.

ರುಮಾನಾ ಗೋಡೆ ಬಿಟ್ಟು ಬಂದು ಕೂತಳು. ಕುಡಿಯುವ ನೀರಿನ ಲೋಟ ಎಳೆದುಕೊಂಡಳು. ದೊಡ್ಡ ಪಾತ್ರೆಯಿಂದ ಖಾರ ಮೆತ್ತಿದ ಒಂದು ಚೂರು ಎತ್ತಿ, ಲೋಟದ ನೀರಿನಲ್ಲಿ ಅದ್ದಿ, ಬೆರಳಿನಿಂದ ಉಜ್ಜಿ ಉಜ್ಜಿ ತೊಳೆದಳು. ನೀರು ಕೆಂಪಗಾಯಿತು, ಚೂರು ಬಿಳಿಚಿಕೊಂಡಿತು. ಅದನ್ನು ಅಪ್ಪನ ತಟ್ಟೆಗೆ ಹಾಕಿದಳು.

"ನಾನು ಇದನ್ನ ತಿಂದು ಬೆಳೆದಿದ್ದು ಅಬ್ಬಾ. ನೀವೂ ಒಂದ್ಸಲ ರುಚಿ ನೋಡಿ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಕ್ಲಾಸಿನಲ್ಲಿ ಮಕ್ಕಳಿಗೆ ಹೇಳುವ ದನಿ ಅದು, ನನ್ನಿಂದಲೇ ಬಂದದ್ದು. ಅವರು ಆ ಚೂರನ್ನು ಬಾಯಿಗಿಟ್ಟುಕೊಂಡರು. ಅಗಿದರು. ನುಂಗಲು ಹೊತ್ತಾಯಿತು. ಇಬ್ಬರು ಹೆಂಗಸರು ಎದುರಿಗೆ ಕೂತು ನೋಡುತ್ತಿದ್ದೆವು, ಉಗಿಯುವಂತಿರಲಿಲ್ಲ. ನುಂಗಿದರು.

ಪಕ್ಕದ ಮನೆಯಲ್ಲಿ ಮುನಿವೆಂಕಟಮ್ಮನ ಟಿವಿ ಕೇಳುತ್ತಿತ್ತು. ಅವರು ತಟ್ಟೆಯ ಅನ್ನವನ್ನು ಅತ್ತಿತ್ತ ಸರಿಸಿದರು. ಆಮೇಲೆ, ಯೋಚಿಸಿ ಮಾಡಿದ್ದಲ್ಲ, ಇಷ್ಟು ವರ್ಷದ ಅಭ್ಯಾಸ, ಕಡೆಯ ತುತ್ತಿಗೆಂದು ಕೈ ಬಟ್ಟಲಿನ ಕಡೆ ಹೋಯಿತು.

ನಾನು ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡೆ.

"ಇದು ಮೈಸಾರಾದು" ಎಂದೆ. "ನಿಮ್ದಲ್ಲ."

ಅವರ ಕೈ ದಸ್ತರ್‌ಖಾನಿನ ಮೇಲೆ ಖಾಲಿ ಉಳಿಯಿತು. ನಾನು ಬಟ್ಟಲನ್ನು ಅಡುಗೆಮನೆಗೆ ಒಯ್ದೆ. ಊಟಕ್ಕೆ ಇನ್ನೂ ಬರಬೇಕಾದವರಿಗೆ ಎತ್ತಿಡುವ ಹಾಗೆ ಕಟ್ಟೆಯ ಮೇಲಿಟ್ಟು, ಒಂದು ತಟ್ಟೆ ಮುಚ್ಚಿದೆ.